ಮಗ ಫುಟ್‌ಬಾಲ್ ಸೇರುತ್ತೇನೆ ಅಂದರೆ: ಹೆಲ್ಮೆಟ್, ನಿಯಮ, ಜಾಗ ಬದಲಿಸುವ ಪೆಟ್ಟು

ಅಮೆರಿಕಕ್ಕೆ ಬಂದು ಒಂದೆರಡು ವರ್ಷ ಕಳೆದಿರುತ್ತದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಮಗ ಫುಟ್‌ಬಾಲ್ ಸೇರುವ ಮಾತೆತ್ತುತ್ತಾನೆ. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಮೈಗೆ ಮೈ ಗುದ್ದುವ ಇಲ್ಲಿಯ ಆಟ. ನಮ್ಮ ಮನೆಗಳಲ್ಲಿ ಕೆಲವರು ಕೇಳಿದ ತಕ್ಷಣ ಬೇಡ ಅಂದುಬಿಡುತ್ತಾರೆ. ಇನ್ನು ಕೆಲವರು ‘ಈಗ ಒಳ್ಳೆಯ ಹೆಲ್ಮೆಟ್ ಇದೆ, ನಿಯಮವೂ ಬಿಗಿಯಾಗಿದೆ’ ಎಂದು ಸಹಿ ಹಾಕುತ್ತಾರೆ. ಸಹಿ ಹಾಕುವವರು ಇದನ್ನು ಓದಲೇಬೇಕು. ಈ ಆಟದಲ್ಲಿ ಒಂದು ಕಡೆ ತಡೆದ ಪೆಟ್ಟು ಇನ್ನೊಂದು ಕಡೆ ಬಿದ್ದಿದೆ, ಮತ್ತೆ ಮತ್ತೆ.

ಹೆಲ್ಮೆಟ್ಟನ್ನೇ ನೋಡಿ. ರಿಡೆಲ್ ಕಂಪನಿಯ ಪ್ಲಾಸ್ಟಿಕ್ ಹೆಲ್ಮೆಟ್ ಬಂದದ್ದು 1939ರಲ್ಲಿ. 1943ರಲ್ಲಿ ಇಲ್ಲಿಯ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೆಲ್ಮೆಟ್ ಕಡ್ಡಾಯ ಮಾಡಿತು, ಆಮೇಲೆ ಮುಖಕ್ಕೆ ಕಂಬಿಯೂ ಬಂತು. ತಲೆಗೆ ಗಟ್ಟಿ ಚಿಪ್ಪು ಸಿಕ್ಕ ಮೇಲೆ ಆಟಗಾರರು ಭುಜದ ಬದಲು ತಲೆಯಿಂದಲೇ ಗುದ್ದತೊಡಗಿದರು. ಬರಿತಲೆಯಲ್ಲಿ ಆಡುವ ನಮ್ಮ ಕಬಡ್ಡಿಯಲ್ಲಿ ಯಾರೂ ಬೇಕೆಂದೇ ನೆತ್ತಿಯಿಂದ ಡಿಕ್ಕಿ ಹೊಡೆಯುವುದಿಲ್ಲ. ತಲೆ ತಗ್ಗಿಸಿದಾಗ ಕತ್ತಿನ ಸಹಜ ಬಾಗು ಹೋಗಿ ಮೂಳೆಗಳು ಕೋಲಿನಂತೆ ನೇರವಾಗುತ್ತವೆ, ಗುದ್ದಿನ ಬಲವೆಲ್ಲ ಅವುಗಳ ಮೇಲೇ ಬೀಳುತ್ತದೆ. ಹೀಗೆ ಕತ್ತು ಮುರಿದು ಕೈಕಾಲಿನ ಸ್ವಾಧೀನ ಕಳೆದುಕೊಂಡವರು 1976ರ ಒಂದೇ ಸೀಸನ್ನಿನಲ್ಲಿ 34 ಮಂದಿ. ಅದೇ ವರ್ಷ ಕಾಲೇಜು, ಹೈಸ್ಕೂಲುಗಳಲ್ಲಿ ತಲೆಯಿಂದ ಗುದ್ದುವುದನ್ನು ನಿಷೇಧಿಸಿದರು. 1984ರ ಹೊತ್ತಿಗೆ ಆ ಸಂಖ್ಯೆ 5ಕ್ಕೆ ಇಳಿಯಿತು. ಆದ್ದರಿಂದ ಅಭ್ಯಾಸ ನೋಡಲು ಹೋದಾಗ ಸ್ಕೋರಿಗಿಂತ ಮೊದಲು ಮಗನ ಗದ್ದ ಗಮನಿಸಿ. ಗುದ್ದುವ ಕ್ಷಣದಲ್ಲಿ ಗದ್ದ ಮೇಲಿರಬೇಕು, ಕಣ್ಣಿಗೆ ಎದುರಾಳಿ ಕಾಣುತ್ತಿರಬೇಕು, ಮೊದಲು ತಾಗುವುದು ಭುಜವಾಗಿರಬೇಕು. ಹುಲ್ಲು ನೋಡುತ್ತಾ ನುಗ್ಗುವ ಹುಡುಗನನ್ನು ಕೋಚ್ ತಿದ್ದದೆ ಚಪ್ಪಾಳೆ ತಟ್ಟಿದರೆ ಆ ತಂಡ ಬೇಡ.

ತಲೆಯನ್ನು ಕಾಯುವ ನಿಯಮ ಬಿಗಿಯಾದಂತೆ ಪೆಟ್ಟು ಮೊಣಕಾಲಿಗೆ ಇಳಿಯಿತು. 2013ರ ಆಗಸ್ಟಿನ ಅಭ್ಯಾಸ ಪಂದ್ಯವೊಂದರಲ್ಲಿ ಹ್ಯೂಸ್ಟನ್ನಿನ ಡಿ.ಜೆ. ಸ್ವೇರಿಂಜರ್ ನೇರ ಮೊಣಕಾಲಿಗೆ ಹೊಡೆದು ಮಯಾಮಿಯ ಡಸ್ಟಿನ್ ಕೆಲ್ಲರ್‌ನನ್ನು ಕೆಡವಿದ. ಮೇಲೆ ಹೊಡೆದರೆ ದಂಡ ಬೀಳುತ್ತದೆಂದೇ ಕೆಳಗೆ ಹೊಡೆದೆ ಎಂದು ಅವನೇ ಹೇಳಿದ. ಕೆಲ್ಲರ್ ಮತ್ತೆಂದೂ ಎನ್‌ಎಫ್‌ಎಲ್‌ನಲ್ಲಿ ಆಡಲಿಲ್ಲ. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮೇಲೆ ಪೂರ್ತಿ ಮೈಭಾರ ಹಾಕಿ ಬೀಳಬಾರದೆಂಬ ನಿಯಮವನ್ನು 2018ರಲ್ಲಿ ಬಿಗಿಗೊಳಿಸಿದಾಗ ವಿಲಿಯಂ ಹೇಯ್ಸ್ ಎಂಬ ಆಟಗಾರ ಬೀಳುವಾಗ ಭಾರ ತಪ್ಪಿಸಲು ಹೋಗಿ ತನ್ನದೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಆಟ ಶುರುಮಾಡಲು ಚೆಂಡನ್ನು ಎದುರಾಳಿಯ ಕಡೆಗೆ ದೂರ ಒದೆಯುವ ಕಿಕ್‌ಆಫ್ ಕತೆಯೂ ಹಾಗೇ. 2016ರಲ್ಲಿ ತಮ್ಮ ಗೋಲ್ ಗೆರೆಯ ಆಚೆ ಚೆಂಡು ಹಿಡಿದು ಓಡದೆ ಬಿಟ್ಟವರಿಗೆ ಆ ಗೆರೆಯಿಂದ 20ರ ಬದಲು 25ನೇ ಗಜದಿಂದ ಆಟ ಕೊಟ್ಟರು, ಓಟ ಕಡಿಮೆಯಾಗಲಿ ಎಂದು. ಒದೆಯುವವರು ಚೆಂಡನ್ನು ಎತ್ತರಕ್ಕೆ ಹಾರಿಸಿ ಗೋಲ್ ಗೆರೆಯ ಈಚೆಗೇ ಬೀಳಿಸಿ, ಎದುರಿನವರು ಓಡಲೇಬೇಕಾದಂತೆ ಮಾಡಿದರು. ಟಿವಿಯಲ್ಲಿ ಕಾಣುವ ನಿಯಮ ಶಾಲೆಯದಲ್ಲ. ನಿಮ್ಮ ಹುಡುಗನನ್ನು ಕಿಕ್‌ಆಫ್ ಗುಂಪಿನಲ್ಲಿ ನಿಲ್ಲಿಸುತ್ತಾರಾ ಎಂದು ಕೋಚನ್ನೇ ಕೇಳಿ. ದೂರದಿಂದ ಓಡಿಬಂದು ಗುದ್ದುವ ಆ ಜಾಗಕ್ಕೆ ಹೊಸಬರನ್ನೇ ಹಾಕುವುದು ಹೆಚ್ಚು.

ಇನ್ನು ನಮ್ಮ ಹಳೆಯ ಅಭ್ಯಾಸ. ಮುಂದಿನ ವರ್ಷಕ್ಕೂ ಆಗಲಿ ಎಂದು ಯೂನಿಫಾರ್ಮು, ಶೂ ಎಲ್ಲ ಒಂದು ಸೈಜ್ ದೊಡ್ಡದೇ ತರುತ್ತೇವೆ. ಹೆಲ್ಮೆಟ್ಟಿಗೆ ಇದು ಅಪಾಯ. ಮುಂದಿನ ಅಂಚು ಹುಬ್ಬಿನಿಂದ ಒಂದು ಅಂಗುಲ ಮೇಲಿರಬೇಕು. ಕಿವಿಯ ತೂತು ಕಿವಿಗೆ ಸರಿಯಾಗಿ ಕೂರಬೇಕು, ಕೆನ್ನೆಯ ಮೆತ್ತೆ ಕೆನ್ನೆಗೆ ಒತ್ತಿರಬೇಕು. ಗಲ್ಲದ ಪಟ್ಟಿಯ ನಾಲ್ಕೂ ಗುಂಡಿ ಹಾಕಿ, ಕಂಬಿ ಹಿಡಿದು ಎಡಬಲಕ್ಕೆ ಅಲುಗಿಸಿ. ಹಣೆಯ ಚರ್ಮ ಹೆಲ್ಮೆಟ್ ಜೊತೆಗೇ ಸರಿಯಬೇಕು. ಹೆಲ್ಮೆಟ್ ಒಂದೇ ತಿರುಗಿದರೆ ಸಡಿಲ ಎಂದರ್ಥ. ಒಳಗೆ ಗಾಳಿ ತುಂಬುವ ಮೆತ್ತೆಯಿದ್ದರೆ ಆಗಸ್ಟಿನ ಬಿಸಿಲಲ್ಲಿ ಬಿಗಿಯಾಗಿದ್ದದ್ದು ಅಕ್ಟೋಬರಿನ ಚಳಿಗೆ ಸಡಿಲವಾಗುತ್ತದೆ. ಕ್ಷೌರ ಮಾಡಿಸಿದ ಮೇಲೂ ಇನ್ನೊಮ್ಮೆ ನೋಡಿ. ಪರಿಚಯದವರ ಮನೆಯ ಹಳೆಯ ಹೆಲ್ಮೆಟ್ ತಂದುಕೊಳ್ಳುವುದಾದರೆ ಒಳಗಿನ ಚೀಟಿಯಲ್ಲಿ ತಯಾರಾದ ವರ್ಷ, ಕೊನೆಯ ತಪಾಸಣೆಯ ವರ್ಷ ಓದಿ. ಹತ್ತು ವರ್ಷ ದಾಟಿದ್ದು ಬೇಡವೇ ಬೇಡ. ಮತ್ತೆ, ಎಷ್ಟೇ ಬೆಲೆಯ ಹೆಲ್ಮೆಟ್ಟಾದರೂ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ನಿಲ್ಲಿಸಲಾರದು.



ಕನ್‌ಕಷನ್, ಅಂದರೆ ಮಿದುಳು ಅಲುಗಿ ಆಗುವ ಪೆಟ್ಟಿನ ಕಾನೂನು ಮೊದಲು ಬಂದದ್ದು ವಾಷಿಂಗ್ಟನ್ ರಾಜ್ಯದಲ್ಲಿ, 2009ರಲ್ಲಿ. ಐದು ವರ್ಷದೊಳಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂತು. ಮಿದುಳಿಗೆ ಪೆಟ್ಟಾದ ಅನುಮಾನ ಬಂದರೆ ಹುಡುಗನನ್ನು ಆಗಲೇ ಆಟದಿಂದ ಹೊರಗಿಡಬೇಕು. ಮತ್ತೆ ಇಳಿಯಲು ವೈದ್ಯಕೀಯ ಒಪ್ಪಿಗೆ ಪತ್ರ ಬೇಕು. ಮರಳುವ ದಾರಿಯಲ್ಲಿ ಆರು ಹಂತ, ಒಂದೊಂದಕ್ಕೂ ಕನಿಷ್ಠ 24 ಗಂಟೆ. ಬಹಳ ಒಳ್ಳೆಯ ಕಾನೂನು. ಆದರೆ ಹೇಳಿದರೆ ಜಾಗ ಹೋಗುತ್ತದೆಂದು ಮಕ್ಕಳು ಪೆಟ್ಟನ್ನೇ ಮುಚ್ಚಿಡುತ್ತಾರೆ. ಸೀಸನ್ನಿಗೆ ಮೊದಲು ಮಿದುಳಿನ ಚುರುಕು ಅಳೆಯಲು ಕಂಪ್ಯೂಟರಿನಲ್ಲಿ ಮಾಡುವ ಬೇಸ್‌ಲೈನ್ ಪರೀಕ್ಷೆಯಲ್ಲಿ ಬೇಕೆಂದೇ ತಪ್ಪು ಉತ್ತರ ಕೊಡುವವರೂ ಇದ್ದಾರೆ, ಪೆಟ್ಟಾದ ಮೇಲೆ ಅಂಕ ಇಳಿದದ್ದು ಗೊತ್ತಾಗದಿರಲಿ ಎಂದು.

ನಮ್ಮ ಹುಡುಗರು ಮುಚ್ಚಿಡುವುದಕ್ಕೆ ಇನ್ನೊಂದು ಕಾರಣವಿದೆ. ಊಟದ ಡಬ್ಬಿ, ಹೆಸರು, ಉಚ್ಚಾರ ಎಲ್ಲದರಲ್ಲೂ ಬೇರೆಯಾಗಿ ನಿಂತವನಿಗೆ ಶುಕ್ರವಾರ ರಾತ್ರಿಯ ಪಂದ್ಯದ ದೀಪದಡಿ ಬೆನ್ನ ಮೇಲೊಂದು ನಂಬರ್ ಸಿಕ್ಕಿರುತ್ತದೆ. ಅಜ್ಜಿ, ಚಿಕ್ಕಪ್ಪ, ಬೀದಿಯ ಗೆಳೆಯರು ಎಲ್ಲ ಬಿಟ್ಟು ಬಂದವನಿಗೆ ಆ ತಂಡವೇ ಬೀದಿ. ಅದನ್ನು ಅವನಾಗಿಯೇ ಬಿಟ್ಟುಕೊಡಲಾರ. ತಲೆನೋವು ಅಂದರೆ ಅಮೃತಾಂಜನ ಹಚ್ಚಿ, ನಾಳೆ ಟೆಸ್ಟ್ ಇದೆ ಎಂದು ಪುಸ್ತಕದ ಮುಂದೆ ಕೂರಿಸುತ್ತೇವೆ. ಮೊದಲ ಒಂದೆರಡು ದಿನ ಮಿದುಳಿಗೂ ವಿಶ್ರಾಂತಿ ಬೇಕು: ಓದು, ಫೋನು ಎರಡೂ ಕಡಿಮೆ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ತೊದಲು, ಎಬ್ಬಿಸಿದರೂ ಏಳದಿರುವುದು ಕಂಡರೆ ತಕ್ಷಣ ತುರ್ತು ಸಹಾಯದ 911ಕ್ಕೆ ಕರೆ ಮಾಡಿ.

ಆಟ ಮುಗಿಸಿ ಕಾರು ಹತ್ತಿದವನನ್ನು ಗೆದ್ರಾ ಅಂತ ಕೇಳಬೇಡಿ. ‘ಹೇಗಿದೀಯಾ’ ಅಂದರೆ ‘ಫೈನ್’ ಅನ್ನುತ್ತಾನೆ. ಇಲ್ಲಿ ಬೆಳೆಯುವ ಮಕ್ಕಳಿಗೆ ಮಂಕು, ತಲೆಸುತ್ತು, ಕಣ್ಣು ಮಂಜಾಗುವುದು ಎಂಬ ಕನ್ನಡದ ಮಾತುಗಳೇ ಬಂದಿರುವುದಿಲ್ಲ. ಸೀಸನ್ ಶುರುವಾಗುವ ಮುಂಚೆಯೇ ಆ ಪದಗಳನ್ನು ಕಲಿಸಿ. ಒಂದೊಂದಾಗಿ ಕೇಳಿ: ಲೈಟು ಚುಚ್ಚುತ್ತಿದೆಯಾ, ಕಿವಿ ಗುಂಯ್ ಅನ್ನುತ್ತಿದೆಯಾ, ಎರಡನೇ ಕ್ವಾರ್ಟರಿನಲ್ಲಿ ಏನಾಯಿತು ನೆನಪಿದೆಯಾ ಮಗಾ.