ಮುಚ್ಚಿದ ಚರ್ಚಿನಲ್ಲಿ ಮನೆ ಕಟ್ಟುವ ಮುನ್ನ: ಕಿಟಕಿ, ಸಮಾಧಿ, ಗೋಪುರ

ಇಂಗ್ಲೆಂಡಿನ ಪಟ್ಟಣದೊಳಗಿನ ಹಳೇ ಚರ್ಚೊಂದು ಮಾರಾಟಕ್ಕೆ ಬಂದರೆ ಎಲ್ಲರೂ ಮೊದಲು ನೆಲದ ಅಳತೆ ಹಿಡಿದು ಫ್ಲ್ಯಾಟ್ ಎಣಿಸುತ್ತಾರೆ. ಆ ಲೆಕ್ಕ ಅಪರೂಪಕ್ಕೆ ಉಳಿಯುತ್ತದೆ. ಕಿಟಕಿ ಎಲ್ಲಿದೆ, ನೆಲದಡಿ ಏನಿದೆ ಎಂದು ಮೊದಲು ನೋಡಿ.

ಕಾಗದಪತ್ರದಿಂದ ಶುರುಮಾಡಿ. ದೇಶದ ಅಧಿಕೃತ ಆಂಗ್ಲಿಕನ್ ಚರ್ಚಾದ ಚರ್ಚ್ ಆಫ್ ಇಂಗ್ಲೆಂಡಿನ ಕಟ್ಟಡವಾದರೆ ಪ್ರಾರ್ಥನೆ ನಿಂತ ಮಾತ್ರಕ್ಕೆ ಮಾರುವಂತಿಲ್ಲ. ಮಿಷನ್ ಅಂಡ್ ಪ್ಯಾಸ್ಟೊರಲ್ ಮೆಷರ್ 2011 ಎಂಬ ಚರ್ಚ್ ಕಾನೂನಿನ ಪ್ರಕಾರ ಮುಚ್ಚುವುದಕ್ಕೂ ಹೊಸ ಬಳಕೆಗೂ ವಿಧಿಬದ್ಧ ಯೋಜನೆ ಬೇಕು, ಅದಕ್ಕೆ ಜನ ಆಕ್ಷೇಪಣೆ ಸಲ್ಲಿಸಬಹುದು. ಪೂಜೆ ನಡೆಯುತ್ತಿದ್ದಾಗ ಇದ್ದ ಕಾನೂನು ವಿನಾಯಿತಿ ಮುಚ್ಚಿದ ಮೇಲೆ ಇರುವುದಿಲ್ಲ. ಹಾಗಾಗಿ ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡಕ್ಕೆ ಪ್ಲ್ಯಾನಿಂಗ್ ಪರ್ಮಿಷನ್ (ಬಳಕೆ ಬದಲಿಸುವ ಅನುಮತಿ) ಜೊತೆಗೆ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ (ಪಾರಂಪರಿಕ ಕಟ್ಟಡವನ್ನು ಮಾರ್ಪಡಿಸುವ ಅನುಮತಿ) ಕೂಡ ಬೇಕು. ಅದು ಕೈಗೆ ಬರುವ ಮುಂಚೆ ನೆಲಕ್ಕೆ ಜೋಡಿಸಿದ ಬೆಂಚು ಕಿತ್ತರೂ ಕ್ರಿಮಿನಲ್ ಕೇಸಾಗಬಹುದು. ಕ್ರಯದ ಕರಾರಿನಲ್ಲೇ 'ಎರಡೂ ಅನುಮತಿ ಸಿಕ್ಕರೆ ಮಾತ್ರ' ಎಂದು ಬರೆಸಿ.

ಹಳೇ ಚರ್ಚಿನಲ್ಲಿ ಬಾವಲಿಗಳಿರಬಹುದು, ಅವಕ್ಕೆ ಕಾನೂನಿನ ರಕ್ಷಣೆಯುಂಟು; ಅವುಗಳ ಸಮೀಕ್ಷೆಗೆ ಕಾಲ ನೋಡಿಕೊಳ್ಳಿ. ಅವು ಸಂಜೆ ಹೊರಬೀಳುವುದನ್ನು ಎಣಿಸಲು ಮೇಯಿಂದ ಆಗಸ್ಟ್ ಸರಿಯಾದ ಸಮಯ. ತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು.

ಇನ್ನು ಸಮಾಧಿ. 1850ರ ದಶಕದ ಕಾಯ್ದೆಗಳು ತಡೆಯುವವರೆಗೆ ನಗರದ ಚರ್ಚುಗಳ ಅಂಗಳದಲ್ಲಷ್ಟೇ ಅಲ್ಲ, ಒಳಗಿನ ನೆಲದಡಿಯಲ್ಲೂ ಹೂಳುತ್ತಿದ್ದರು. ಅದಕ್ಕಿಂತ ಹಳೆಯ ಕಟ್ಟಡವಾದರೆ ಅಸ್ಥಿ ಇದೆ ಎಂದೇ ಹಿಡಿದು ನಡೆಯಿರಿ. ಹಳೇ ಸ್ಮಶಾನದ ಮೇಲೆ ಕಟ್ಟುವುದನ್ನು 1884ರ ಕಾಯ್ದೆ ನಿಷೇಧಿಸುತ್ತದೆ. ವಿನಾಯಿತಿಗೆ ದಾರಿಗಳುಂಟು, ಆದರೆ ಕಳೆದ 50 ವರ್ಷಗಳಲ್ಲಿ ಹೂಳಿದವರ ಬಂಧುಗಳು ತಕರಾರು ಎತ್ತಿದರೆ ಕಷ್ಟ. ನಕ್ಷೆ ಅಂತಿಮವಾಗುವ ಮೊದಲೇ ಪುರಾತತ್ವಜ್ಞರನ್ನು ಇಟ್ಟುಕೊಂಡು ಪರೀಕ್ಷಾ ಗುಂಡಿ ತೋಡಿಸಿ. ಕೆಲಸ ಸಾಮಾನ್ಯವಾಗಿ ನಿಲ್ಲುವುದು ಚರಂಡಿ ಪೈಪಿನ ಕಾಲುವೆ ಮತ್ತು ಲಿಫ್ಟಿನ ಗುಂಡಿ ಅಗೆಯುವಾಗ. ಹಳೇ ಚರಂಡಿಯ ದಾರಿಯನ್ನೇ ಬಳಸಿ, ಆಳದ ಗುಂಡಿ ಬೇಡದ ಲಿಫ್ಟ್ ಆರಿಸಿ.

ಈಗ ಲೆಕ್ಕ. ಮುಖ್ಯ ಸಭಾಂಗಣ 24 ಮೀಟರ್ ಉದ್ದ, 9 ಮೀಟರ್ ಅಗಲ ಎನ್ನೋಣ. ಎರಡು ಅಂತಸ್ತಿಗೆ 432 ಚದರ ಮೀಟರ್. ಮೆಟ್ಟಿಲು, ಓಣಿ, ಪೈಪುಗಳಿಗೆ ಕಾಲುಭಾಗದಷ್ಟು ಬಿಡಿ, ಉಳಿದದ್ದು 324. ಒಂದೇ ಅಂತಸ್ತಿನಲ್ಲಿ ಇಬ್ಬರ ಒಂದು ಬೆಡ್‌ರೂಮ್ ಮನೆಗೆ ರಾಷ್ಟ್ರೀಯ ಮಾನದಂಡ 50 ಚದರ ಮೀಟರ್. ಅಲ್ಲಿಗೆ ಆರು ಮನೆ.

ಆದರೆ ಎತ್ತರದ ಕಿಟಕಿಯ ನಡುವೆಯೇ ಹೊಸ ಅಂತಸ್ತು ಬಂದು ಕೂರುತ್ತದೆ. ಅದರ ಅಂಚನ್ನು ಗಾಜಿನಿಂದ 600–900 ಮಿಲಿಮೀಟರ್ ಹಿಂದಿಟ್ಟು ಸಂದು ಬಿಡುವುದು ಆರ್ಕಿಟೆಕ್ಟ್‌ಗಳಿಗೆ ಬಲು ಇಷ್ಟ. ಮೇಲೂ ಕೆಳಗೂ ಬೇರೆ ಬೇರೆ ಮನೆಗಳಾದರೆ ಆ ಸಂದಿನಲ್ಲೇ ಹೊಗೆ, ಸದ್ದು ಏರುತ್ತದೆ; ಪರಿವರ್ತಿತ ಮನೆಗಳ ನಡುವೆ ಬೇಕಾದ 43 ಡೆಸಿಬಲ್ ತಡೆ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಎರಡು ಅಂಕಣಕ್ಕೊಂದರಂತೆ (ಅಂಕಣವೆಂದರೆ ಕಂಬದಿಂದ ಕಂಬಕ್ಕಿರುವ ಭಾಗ) ಡ್ಯೂಪ್ಲೆಕ್ಸ್, ಅಂದರೆ ಎರಡು ಅಂತಸ್ತಿನ ಒಂದೇ ಮನೆ, ಮಾಡಿದರೆ ಸಂದು ಒಂದೇ ಮನೆಯೊಳಗೆ ಉಳಿಯುತ್ತದೆ, ಬೆಳಕೂ ಕೆಳಗಿಳಿಯುತ್ತದೆ. ನಮ್ಮ ಮಟ್ಟಿಗೆ ಇದೇ ಸರಿಯಾದ ದಾರಿ. ಕಿಟಕಿಯ ಕೆಳ ಅಂಚು ಆಳೆತ್ತರದಲ್ಲಿದ್ದರೆ ಕೆಳ ಅಂತಸ್ತಿಗೆ ಆಕಾಶ ಬಿಟ್ಟು ಬೇರೇನೂ ಕಾಣದು. ನೆಲವನ್ನೇ ಎತ್ತರಿಸಿ, ಪೈಪುಗಳೂ ಅದರಡಿ ಹೋಗುತ್ತವೆ, ಅವಕ್ಕಾಗಿ ಅಗೆಯುವುದೂ ತಪ್ಪುತ್ತದೆ.

ಹೊಸ ಅಂತಸ್ತಿನ ಭಾರ ಹಳೇ ಗೋಡೆಯ ಮೇಲೆ ಬೀಳಬಾರದು. ತನ್ನದೇ ಪಾಯದ ಉಕ್ಕಿನ ಚೌಕಟ್ಟು ಇರಲಿ. ಮುಂದೆಂದೋ ಕಳಚಬಹುದಾದ ಕೆಲಸಕ್ಕೆ ಪಾರಂಪರಿಕ ಅಧಿಕಾರಿಗಳ ಒಪ್ಪಿಗೆಯೂ ಸುಲಭ. ಗಾರೆ ಸುಣ್ಣದ್ದೇ ಆಗಬೇಕು. ಸಿಮೆಂಟ್ ಮೆತ್ತಿದರೆ ತೇವ ಕಲ್ಲುಗಳ ನಡುವಿನ ಸಂದಿನಿಂದ ಹೊರಹೋಗದೆ ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಚಳಿ ತಡೆಯಲು ಒಳಗಿನಿಂದ ಫೋಮ್ ಹಲಗೆ ಬಡಿದರೂ ತೇವ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಮರದ ನಾರಿನ ಹಲಗೆ, ಮೇಲೆ ಸುಣ್ಣದ ಗಿಲಾವು ಒಳ್ಳೆಯದು. ಇದಕ್ಕೆಲ್ಲ ಮುಂಚೆ ಕೊಂಡ ವಾರವೇ ಚಾವಣಿಯ ಮಳೆನೀರಿನ ಗಟರಿನ ಕಸ ತೆಗೆಸಿ, ಚಾವಣಿಯಿಂದ ಕಳುವಾದ ಸೀಸದ ತಗಡಿನ ಜಾಗ ಮುಚ್ಚಿಸಿ. ಖಾಲಿ ಬಿದ್ದ ಚರ್ಚಿನ ತೇವದ ಬಹುಪಾಲು ಅಲ್ಲಿಂದಲೇ ಬರುವುದು.

ಮನೆಯಲ್ಲದ ಕಟ್ಟಡವನ್ನು ಮನೆಯಾಗಿಸುವ ಕೆಲಸಕ್ಕೆ ವ್ಯಾಟ್ 5%. ಗುತ್ತಿಗೆದಾರರು 20% ಹಾಕಿ ಬಿಲ್ ಕೊಟ್ಟರೆ ಹಿಂದಿರುಗಿಸಿ.

ಗೋಪುರದ ವಿಷಯ ಮನೆ ಕೊಳ್ಳುವವರ ಲೀಸ್ (ದೀರ್ಘಾವಧಿ ಗುತ್ತಿಗೆ) ಪತ್ರದಲ್ಲಿ ಮೊದಲೇ ತೀರ್ಮಾನವಾಗಬೇಕು. ಅದರಲ್ಲಿ ಯಾರೂ ವಾಸವಿರದಿದ್ದರೂ ಕಲ್ಲು ಸಡಿಲವಾದಾಗ ಅಟ್ಟಣೆ ಕಟ್ಟುವ ಖರ್ಚು ಅಲ್ಲಿನ ಎಲ್ಲ ಮನೆಗಳ ಮೇಲೇ ಬೀಳುತ್ತದೆ. ಮೊದಲ ಮನೆ ಮಾರುವ ಮುನ್ನವೇ ಪಾಲು ನಿಗದಿಮಾಡಿ, ಮೀಸಲು ನಿಧಿ ತೆರೆಯಿರಿ.