ಹಾಕಿ ಆಟಗಾರರ ಗಾಯಗಳು: ಫಿಸಿಯೋಥೆರಪಿಸ್ಟ್ ಆಗಿ ನನ್ನ ಅನುಭವ

ಪುರುಷರ ಮತ್ತು ಮಹಿಳೆಯರ ಹಾಕಿ ತಂಡಗಳೆರಡರ ಜೊತೆಗೂ ಕೆಲಸ ಮಾಡುವ ನಾನು ಪ್ರತಿಯೊಂದು ಗಾಯವನ್ನೂ ಒಂದೇ ಪುಸ್ತಕದಲ್ಲಿ ದಾಖಲಿಸುತ್ತೇನೆ. ನೋವು ಎಲ್ಲಿ ಎಂಬುದರ ಜೊತೆಗೆ ಚೆಂಡು ತಗುಲಿತೇ, ಸ್ಟಿಕ್ ತಗುಲಿತೇ, ಯಾರೂ ಮುಟ್ಟದೆಯೇ ಕಾಲು ಕೈಕೊಟ್ಟಿತೇ, ಆಗ ಯಾವ ಕ್ವಾರ್ಟರ್ ನಡೆಯುತ್ತಿತ್ತು ಎಂಬುದನ್ನೂ ಬರೆದಿಡುತ್ತೇನೆ. ಎರಡೂ ತಂಡಗಳ ಪುಟಗಳನ್ನು ಹೋಲಿಸಿದರೆ ಅಂಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಕಣಕಾಲು, ಮಂಡಿ, ತೊಡೆ, ಸೊಂಟ, ಬೆರಳು, ಮುಖ. ವ್ಯತ್ಯಾಸ ಕಾಣುವುದು ಗಾಯವಾದ ಬಗೆಯಲ್ಲಿ.

ಆಟವೇ ತಂದೊಡ್ಡುವ ತೊಂದರೆಗಳಿಗೆ ಲಿಂಗಭೇದವಿಲ್ಲ. ಹಾಕಿಯಲ್ಲಿ ಎಡಚರಿಗೆಂದು ಬೇರೆ ಸ್ಟಿಕ್ ಇಲ್ಲದ ಕಾರಣ ಎಲ್ಲರೂ ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿದು, ಬೆನ್ನು ಬಾಗಿಸಿ ಒಂದೇ ಕಡೆಗೆ ತಿರುಚಿಕೊಂಡು ಓಡಬೇಕು. ಸೊಂಟನೋವಿನ ಮಾತೆತ್ತದ ಹಿರಿಯ ಆಟಗಾರರನ್ನು ನಾನು ಕಂಡದ್ದು ಕಡಿಮೆ. ಸ್ಟಿಕ್ಕನ್ನು ನೆಲಕ್ಕೆ ಅಡ್ಡ ಮಲಗಿಸಿ ಚೆಂಡು ತಡೆಯುವಾಗ ಎಡಗೈ ಗೆಣ್ಣುಗಳು ಟರ್ಫ್‌ಗೆ ಉಜ್ಜುತ್ತವೆ, ಎದುರಾಳಿಯ ಸ್ಟಿಕ್ ಅದೇ ಕೈಯ ಮೇಲೆ ಬೀಳುತ್ತದೆ. ಬೆರಳು ಊದಿಕೊಂಡು ಬಂದವರಿಗೆ ನಾನು ಮೊದಲು ಮುಷ್ಟಿ ಕಟ್ಟಲು ಹೇಳುತ್ತೇನೆ. ಮಡಚಿದ ಬೆರಳು ಪಕ್ಕದ ಬೆರಳಿನ ಮೇಲೆ ಅಡ್ಡ ಏರಿದರೆ ಮೂಳೆ ಮುರಿದು ತಿರುಗಿರುವ ಸಂಭವವಿದೆಯೆಂದು ನೇರವಾಗಿ ಎಕ್ಸ್‌-ರೇಗೆ ಕಳುಹಿಸುತ್ತೇನೆ. ಅಂಥ ಬೆರಳಿಗೆ ಬರೀ ಟೇಪ್ ಸುತ್ತಿ ಆಡಿಸಿದರೆ ಹಿಡಿತ ಕಾಯಂ ಕೆಡಬಹುದು.

ಪುರುಷರ ತಂಡದಲ್ಲಿ ನನಗೆ ಹೆಚ್ಚು ಕೆಲಸ ಕೊಟ್ಟದ್ದು ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಮತ್ತು ತೊಡೆಸಂದಿನ ಸೆಳೆತ. "ಸ್ವಲ್ಪ ಹಿಡ್ಕೊಂಡಿದೆ ಅಷ್ಟೇ ಮೇಡಂ" ಎನ್ನುತ್ತಲೇ ಮರುದಿನ ಪೂರ್ತಿ ವೇಗದಲ್ಲಿ ಓಡಿ ಸ್ನಾಯು ಹರಿದುಕೊಳ್ಳುವವರೇ ಹೆಚ್ಚು. ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಹೊಡೆತ) ಹೊಡೆಯುವವರ ಎಡಗಾಲು ಪ್ರತಿ ಹೊಡೆತಕ್ಕೂ ಮುಂದಕ್ಕೆ ಆಳವಾಗಿ ಚಾಚಿಕೊಳ್ಳುವುದರಿಂದ ಅಭ್ಯಾಸದ ಫ್ಲಿಕ್‌ಗಳಿಗೆ ವಾರದ ಮಿತಿ ಹಾಕಿಸಿ, ಋತು ಆರಂಭಕ್ಕೆ ಮುನ್ನವೇ ಹ್ಯಾಮ್‌ಸ್ಟ್ರಿಂಗ್‌ಗೆ ಬಲ ತುಂಬುವ ನಾರ್ಡಿಕ್ ವ್ಯಾಯಾಮ ಶುರು ಮಾಡಿಸುತ್ತೇನೆ.

ಮಹಿಳಾ ತಂಡದಲ್ಲಿ ನನ್ನ ಕಣ್ಣು ಮಂಡಿಯ ಮೇಲೆ. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂತಹ ಆಟಗಳಲ್ಲಿ ಎಸಿಎಲ್ ಎಂಬ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಮಹಿಳೆಯರಿಗೆ ಹೆಚ್ಚೆಂಬುದು ಸಿದ್ಧವಾದ ವಿಷಯ. ಓಡುತ್ತಲೇ ಗಕ್ಕನೆ ನಿಂತು ದಿಕ್ಕು ಬದಲಿಸುವ ಹಾಕಿಯಲ್ಲೂ ಅದನ್ನು ಮರೆಯುವಂತಿಲ್ಲ. ಸೊಂಟದ ಅಗಲವೇ ಇದಕ್ಕೆ ಕಾರಣವೆಂಬ ವಿವರಣೆ ನನಗೆ ಹಾರಿಕೆಯ ಉತ್ತರವಾಗಿ ಕಾಣುತ್ತದೆ, ಏಕೆಂದರೆ ಸೊಂಟವನ್ನು ಬದಲಿಸಲಾಗದು, ಕಾಲೂರುವ ರೀತಿಯನ್ನು ಬದಲಿಸಬಹುದು. 30 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಇಳಿದು, ನೆಲಕ್ಕೆ ಕಾಲು ತಾಗಿದೊಡನೆ ಮೇಲಕ್ಕೆ ಜಿಗಿಯಲು ಹೇಳಿ ಎದುರಿನಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತೇನೆ. ಮಂಡಿಗಳು ಒಳಕ್ಕೆ ವಾಲುವುದು ನಿಧಾನಗತಿಯಲ್ಲಿ ಆಟಗಾರ್ತಿಗೇ ಕಾಣುತ್ತದೆ. ಆ ಮೇಲೆ ನಾನು ಹೆಚ್ಚು ವಿವರಿಸಬೇಕಾಗುವುದಿಲ್ಲ. ಪೃಷ್ಠದ ಸ್ನಾಯುಗಳಿಗೆ ಬಲ, ಒಂಟಿಕಾಲಿನ ಸಮತೋಲ, ಸದ್ದಿಲ್ಲದೆ ಕಾಲೂರುವ ಅಭ್ಯಾಸ, ಇವೆಲ್ಲ ಪ್ರತಿ ವಾರ್ಮ್‌ಅಪ್‌ನ ಭಾಗವಾಗಿವೆ. ಎಸಿಎಲ್ ಶಸ್ತ್ರಚಿಕಿತ್ಸೆಯಾದವರನ್ನು 9 ತಿಂಗಳಿಗೆ ಮುನ್ನ ಪಂದ್ಯಕ್ಕೆ ಬಿಡಬಾರದೆಂದು ಹಟ ಹಿಡಿಯುತ್ತೇನೆ.

ಕಣಕಾಲಿನ ಮೇಲ್ಭಾಗದ ಮೂಳೆಯಲ್ಲಿ ಒಂದೇ ಬಿಂದುವಿನಲ್ಲಿ ನೋವಿದೆ ಎಂದು ಆಟಗಾರ್ತಿ ಹೇಳಿದರೆ ಊಟದ ಬಗ್ಗೆಯೂ ಮುಟ್ಟಿನ ಬಗ್ಗೆಯೂ ಖಾಸಗಿಯಾಗಿ ಕೇಳುತ್ತೇನೆ. ದುಡಿಮೆಗೆ ತಕ್ಕಷ್ಟು ಆಹಾರ ಸೇರದಿದ್ದಾಗ ಮುಟ್ಟು ನಿಲ್ಲಬಹುದು, ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬಿಡಬಹುದು. ಆಹಾರದ ಕೊರತೆ ಪುರುಷರ ಮೂಳೆಯನ್ನೂ ಬಾಧಿಸುತ್ತದೆ, ಆದರೆ ಅವರಲ್ಲಿ ಅದನ್ನು ಬಯಲಿಗೆ ತರುವ ಇಂತಹ ನೇರ ಸೂಚನೆ ಇಲ್ಲ.

ಇನ್ನು ತಲೆಯ ಪೆಟ್ಟಿನ ವಿಷಯ. ಹಾಕಿಯ ಗಟ್ಟಿ ಚೆಂಡಿನ ತೂಕ 156ರಿಂದ 163 ಗ್ರಾಂ. ಪೆನಾಲ್ಟಿ ಕಾರ್ನರ್ (ಗೋಲಿನ ಬಳಿಯ ತಪ್ಪಿಗೆ ಎದುರಾಳಿಗೆ ಸಿಗುವ ಗೋಲಿನ ಅವಕಾಶ) ತಡೆಯುವವರು ಮುಖಕವಚ ತೊಟ್ಟರೂ ತಲೆಗೆ ಪೆಟ್ಟು ಬೀಳುವುದು ತಪ್ಪಿದ್ದಲ್ಲ. ಹಾಗಾದಾಗ ಮಂಪರು, ವಾಂತಿ, ಗೊಂದಲಗಳ ಸಣ್ಣ ಅನುಮಾನ ಬಂದರೂ ಆ ದಿನ ಅವರನ್ನು ಮತ್ತೆ ಟರ್ಫ್‌ಗೆ ಇಳಿಸುವುದಿಲ್ಲ. ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಇಳಿಸಲು ಅವಕಾಶವಿರುವ ಆಟದಲ್ಲಿ ಕೋಚ್‌ಗಳ "ಇನ್ನೈದು ನಿಮಿಷ" ಎಂಬ ಕೋರಿಕೆಗೆ ನಾನು ಒಪ್ಪಲು ಕಾರಣವೇ ಇಲ್ಲ.