ಸಕ್ಕರ್ ಮರಿಯ ಚುಕ್ಕೆ ನೋಡಬೇಡಿ, ಬೆನ್ನಿನ ಕಡ್ಡಿ ಎಣಿಸಿ

ಮೊಮ್ಮಕ್ಕಳು ವಾಟ್ಸಾಪಿನಲ್ಲಿ ಅಕ್ವೇರಿಯಂನ ಸಕ್ಕರ್ ಮೀನಿನ ಫೋಟೊ ಕಳಿಸುತ್ತಾರೆ, ಪ್ಲೆಕೊ ಅಂದರೂ ಅದೇ. ಅರ್ಧ ಪಾಚಿ, ಅರ್ಧ ಲೈಟಿನ ಹೊಳಪು, ಮೂಲೆಯಲ್ಲಿ ಒಂದು ಬಾಲ. "ಅಜ್ಜಿ, ಮೈಮೇಲೆ ಚುಕ್ಕೆ ಇದೆ, ಇದು ಯಾವ ಪ್ಲೆಕೊ?" ಅಂತ ಪ್ರಶ್ನೆ ಬೇರೆ. ಮರಿ ಇದ್ದಾಗ ಚುಕ್ಕೆ ಯಾವುದಕ್ಕಿಲ್ಲ ಹೇಳಿ?

ಅಂಗಡಿಯವರನ್ನು ಕೇಳಿ ಪ್ರಯೋಜನವಿಲ್ಲ. ಅವರಿಗೆ ಬಾಯಿಂದ ಗಾಜಿಗೆ ಅಂಟಿಕೊಳ್ಳೋದೆಲ್ಲ ಸಕ್ಕರ್, ಎಲ್ಲವೂ ಟ್ಯಾಂಕ್ ಕ್ಲೀನರ್. ಅದು ಕ್ಲೀನ್ ಮಾಡೋದಕ್ಕಿಂತ ಗಲೀಜು ಮಾಡೋದೇ ಜಾಸ್ತಿ, ಅದು ಬೇರೆ ಮಾತು. ನಮ್ಮ ಭಾವನವರು ಬೆರಳುದ್ದದ ಮರಿ ತಂದರು. ಕೆಲವೇ ವರ್ಷಗಳಲ್ಲಿ ಮೊಳಕೈಯಷ್ಟು ಬೆಳೆದು 2 ಅಡಿ ಟ್ಯಾಂಕಿನಲ್ಲಿ ತಿರುಗೋಕೂ ಜಾಗವಿರಲಿಲ್ಲ. ಅದು ಸೇಲ್‌ಫಿನ್ ಪ್ಲೆಕೊ, ದೊಡ್ಡದಾದರೆ 40 ಸೆಂಟಿಮೀಟರ್ ದಾಟುತ್ತದೆ. ಬ್ರಿಸಲ್‌ನೋಸ್ ಅನ್ನೋ ಚಿಕ್ಕ ಜಾತಿಯ ಪ್ಲೆಕೊ ಆಗಿದ್ದರೆ 12-15ಕ್ಕೆ ನಿಲ್ಲುತ್ತಿತ್ತು. ಅದಕ್ಕೇ ಮರಿ ಇದ್ದಾಗಲೇ ನೋಡಿಕೊಳ್ಳಿ ಅನ್ನೋದು.

ಮೊದಲು ಅದನ್ನು ಹೊರಗೆ ಬರಿಸಬೇಕು. ಹಗಲಲ್ಲಿ ಮರದ ತುಂಡಿನ ಕೆಳಗೆ ಅವಿತಿರುತ್ತದೆ. ಮಲಗೋ ಮುಂಚೆ ಸೌತೆಕಾಯಿ ಬಿಲ್ಲೆಯನ್ನು ಸ್ಟೀಲ್ ಚಮಚಕ್ಕೆ ಚುಚ್ಚಿ ತಳಕ್ಕೆ ಬಿಡಿ, ಲೈಟ್ ಆರಿಸಿ. ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಾಕಿದರೆ ಬಿಲ್ಲೆ ಮೇಲೆ ಕೂತಿರುತ್ತದೆ. ಬಲೆ ಮಾತ್ರ ಹಾಕಬೇಡಿ! ಪಕ್ಕದ ರೆಕ್ಕೆಯ ಮುಳ್ಳು ಬಲೆಯಲ್ಲಿ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನಿಗೂ ಗಾಯ, ನಿಮಗೂ ಗಾಯ. ಸಿಹಿತಿಂಡಿ ಬರುತ್ತದಲ್ಲ, ಆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಚಪ್ಪಟೆ ಗೋಡೆಯದು, ಅದನ್ನು ನಿಧಾನವಾಗಿ ಮುಂದೆ ಹಿಡಿದು ಹಿಂದಿನಿಂದ ಕೈಯಾಡಿಸಿ. ತಾನೇ ಒಳಗೆ ಹೋಗುತ್ತದೆ. ಡಬ್ಬಿಗೆ ಸೋಪು ತಾಕಿರಬಾರದು.  

ಟ್ಯಾಂಕಿನದೇ ನೀರಿರಬೇಕು, ಮೀನು ಮುಳುಗಿ ಬೆನ್ನಿನ ರೆಕ್ಕೆ ಎತ್ತುವಷ್ಟು. ಡಬ್ಬಿಯ ಹಿಂದೆ ಬಿಳಿ ಹಾಳೆ ಇಡಿ, ಬೆಳಕು ಪಕ್ಕದಿಂದ ಬೀಳಲಿ, ಫ್ಲ್ಯಾಶ್ ಬೇಡ. ಫೋನನ್ನು ಮೀನಿನ ಮಟ್ಟಕ್ಕೆ ಇಳಿಸಿ ಕಾಯಿರಿ. ಡಬ್ಬಿಗೆ ಬೆರಳು ಮುಟ್ಟಿಸಿದರೆ ಗಾಬರಿಗೆ ರೆಕ್ಕೆ ನೆಟ್ಟಗೆ ಎತ್ತುತ್ತದೆ. ಆಗ ಒತ್ತಿ. ಫೋಟೊ ದೊಡ್ಡದು ಮಾಡಿ ಬೆನ್ನಿನ ರೆಕ್ಕೆಯ ಕಡ್ಡಿ ಎಣಿಸಿ. ಮುಂದಿನ ದಪ್ಪ ಮುಳ್ಳು ಲೆಕ್ಕಕ್ಕಿಲ್ಲ, ಅದರ ಹಿಂದಿನ ಕಡ್ಡಿಗಳಷ್ಟೇ. ಬುಡದಲ್ಲಿ ಎಣಿಸಿ, ತುದಿಯಲ್ಲಿ ಕಡ್ಡಿ ಕವಲೊಡೆಯುತ್ತದೆ, ಅಲ್ಲಿ ಎಣಿಸಿದವರಿಗೆ ಲೆಕ್ಕ ತಪ್ಪೇ ತಪ್ಪುತ್ತದೆ. 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೇಲ್‌ಫಿನ್. 7ರ ಆಸುಪಾಸು ಇದ್ದರೆ ಬ್ರಿಸಲ್‌ನೋಸ್ ಇರಬಹುದು, ಆದರೆ ಹೈಪೊಸ್ಟೊಮಸ್ ಅಂತ ಇನ್ನೊಂದು ಇದೆ, ಅದಕ್ಕೂ ಸುಮಾರು ಅಷ್ಟೇ, ಅದೂ ದೊಡ್ಡದಾಗುತ್ತದೆ. ಆಗ ಮೂತಿ ನೋಡಿ. ಬ್ರಿಸಲ್‌ನೋಸಿನ ತಲೆ ಅಗಲ, ಚಪ್ಪಟೆ, ಮೂತಿಯ ಅಂಚಿನಲ್ಲಿ ಚಿಪ್ಪಿಲ್ಲದ ಬೋಳು ಚರ್ಮ. ಅದರ ಮೂತಿ ಮೇಲೆ ಬೆಳೆಯುವ ಮೀಸೆ ಹುಡುಕಬೇಡಿ, ಅಷ್ಟು ಚಿಕ್ಕದಕ್ಕೆ ಇರಲ್ಲ. ದೊಡ್ಡದಾದರೂ ಹೆಣ್ಣಿಗೆ ಕಮ್ಮಿ, ಇಲ್ಲದೆಯೂ ಇರಬಹುದು.

ಚುಕ್ಕೆ ಕೊನೆಗೆ. ಕಪ್ಪು ಮೈ ಮೇಲೆ ಬಿಳಿ ಚುಕ್ಕೆಯಾದರೆ ಬ್ರಿಸಲ್‌ನೋಸ್ ಕಡೆಗೆ, ತಿಳಿ ಮೈ ಮೇಲೆ ಚಿರತೆಯಂಥ ಕಪ್ಪು ಚುಕ್ಕೆಯಾದರೆ ಸೇಲ್‌ಫಿನ್ ಕಡೆಗೆ ವಾಲಿಸಿ.

ಸೇಲ್‌ಫಿನ್ ಅಂತ ತಿಳಿದರೆ ಕೆರೆಗೆ ಬಿಡೋ ಪುಣ್ಯದ ಕೆಲಸ ಬೇಡ. ಅದರ ಊರು ದಕ್ಷಿಣ ಅಮೆರಿಕ. ಕೇರಳದಲ್ಲಿ, ಕೋಲ್ಕತ್ತದ ಜೌಗು ನೆಲದಲ್ಲಿ ಹೀಗೇ ಯಾರೋ ಬಿಟ್ಟದ್ದು ಹಬ್ಬಿ, ಮೀನುಗಾರರ ಬಲೆ ಹರಿಯುತ್ತಿದೆ. ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ ಕೊಡಿ. ಕಡ್ಡಿ ಎಣಿಸಿ ಆಗುವವರೆಗೆ ಎರಡನೇ ಸಕ್ಕರ್ ತರೋಕೆ ಅಂಗಡಿಗೆ ಹೋಗಲೇಬೇಡಿ.